ಆದಿಲ್‌ಶಾಹಿ ಆಸ್ಥಾನದಲ್ಲೊಬ್ಬ ಡಚ್ ಚಿತ್ರಕಾರ!

ಹುಮನಾಬಾದಿನಲ್ಲಿ ಹೆದ್ದಾರಿ 65ರ ಬದಿಗೆ ನಿಲ್ಲಿ. ಪೂರ್ವಕ್ಕೆ ಮುಖ ಮಾಡಿ. ಈ ದಾರಿ ಹೈದರಾಬಾದ್ ದಾಟಿ ಎಲ್ಲಿಗೆ ಮುಟ್ಟುತ್ತದೆ, ಹೇಳಿ?

ಮಚಲಿಪಟ್ಟಣಕ್ಕೆ! ನಾನೂರು ವರ್ಷಗಳ ಹಿಂದೆ ಅಲ್ಲಿ ಡಚ್ ಕಂಪನಿಯ ಕೋಠಿಯಿತ್ತು. ಆ ಕಂಪನಿಯವರಿಗೆ ನಮ್ಮ ವಿಜಯಪುರದಿಂದ ಡಚ್ಚನೊಬ್ಬ ಕಾಗದ ಬರೆಯುತ್ತಿದ್ದ!

ಯಾರವನು? ಬೇಹುಗಾರನೇ? ಕುದುರೆ ವ್ಯಾಪಾರಿಯೇ? ತೋಪು ಎರಕ ಹೊಯ್ಯುವವನೇ? ಊಹಿಸಿ!

ಚಿತ್ರಕಾರ!

ಹೆಸರು ಕಾರ್ನೆಲಿಸ್ ಹೇಡಾ. ಊರು ಹಾರ್ಲೆಮ್. ಹೌದು, ಫ್ರಾನ್ಸ್ ಹಾಲ್ಸ್ ಎಣ್ಣೆಬಣ್ಣದಲ್ಲಿ ದೊಡ್ಡಮನುಷ್ಯರ ಭಾವಚಿತ್ರ ಬರೆದ ಅದೇ ಹಾರ್ಲೆಮ್! ಹೇಡಾ ಹೊರಟದ್ದು ಪರ್ಷಿಯಾದ ಆಸ್ಥಾನಕ್ಕೆ. ಆದರೆ 1610ರ ಸುಮಾರಿಗೆ ಬಂದು ನೆಲೆಸಿದ್ದು ವಿಜಯಪುರದ ದೊರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಬಳಿ!

ಎಂಥ ಅರಸ ಅವನು! ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು. ಸರಸ್ವತಿಗೆ ನಮಿಸಿ ಹಾಡು ಕಟ್ಟಿದವನು. ಅಂಥವನಿಗೆ ಹೇಡಾ ಬರೆದುಕೊಟ್ಟ ಒಂದು ಚಿತ್ರದಲ್ಲಿ ಇದ್ದವರು ಯಾರು? ವೀನಸ್, ಬಾಕಸ್, ಕ್ಯೂಪಿಡ್! ರೋಮಿನ ದೇವತೆಗಳು, ಡಚ್ಚನ ಕುಂಚ, ನಮ್ಮ ನೆಲ!

1619ರಲ್ಲಿ ಇದೇ ಇಬ್ರಾಹಿಂ ಬೀದರನ್ನು ಗೆದ್ದ. ಹೇಡಾ ತೀರಿಕೊಂಡದ್ದು 1622ರಲ್ಲಿ. ಲೆಕ್ಕ ಹಾಕಿ! ಬೀದರ ಸೀಮೆಯ ದೊರೆಯ ಆಸ್ಥಾನದಲ್ಲಿ ಹಾರ್ಲೆಮ್ಮಿನ ಚಿತ್ರಕಾರ! ಮೈ ಜುಮ್ಮೆನ್ನುವುದಿಲ್ಲವೇ?

ತಾಳಿ, ಇನ್ನೂ ಇದೆ.

1657. ಬಸವಕಲ್ಯಾಣದ ಕೋಟೆಗೆ ಔರಂಗಜೇಬನ ಮುತ್ತಿಗೆ. ಒಳಗಿದ್ದ ಆದಿಲ್‌ಶಾಹಿ ದಂಡು ವಾರಗಟ್ಟಲೆ ಜಗ್ಗಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸಾವಿರಾರು ಮೈಲಿ ಆಚೆ ಆಮ್‌ಸ್ಟರ್‌ಡ್ಯಾಮಿನಲ್ಲಿ, ಸಾಲದಲ್ಲಿ ಮುಳುಗಿದ್ದ ಚಿತ್ರಕಾರನೊಬ್ಬ ಔರಂಗಜೇಬನ ತಂದೆ ಶಹಾಜಹಾನನ ಚಿತ್ರ ಬರೆಯುತ್ತಿದ್ದ! ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಮೊಗಲ್ ಕಿರುಚಿತ್ರಗಳನ್ನು ಕಂಡು, ಏಷ್ಯಾದಿಂದ ಬಂದ ನಯವಾದ ಕಾಗದದ ಮೇಲೆ, ಪೇಟದ ಸುತ್ತು, ಜಾಮೆಯ ನೆರಿಗೆ ಎಲ್ಲವನ್ನೂ ಮಸಿಯಲ್ಲಿ ಮೂಡಿಸಿದ.

ಹೆಸರು ಬೇಕೇ? ರೆಂಬ್ರಾಂಟ್! ಸಾಕ್ಷಾತ್ ರೆಂಬ್ರಾಂಟ್! ಒಂದೆರಡಲ್ಲ, ಇಂಥ 20ಕ್ಕೂ ಹೆಚ್ಚು ಚಿತ್ರಗಳು ಇಂದಿಗೂ ಉಳಿದಿವೆ.

ನಮ್ಮ ದೊರೆಗಳ ಮುಖಗಳೂ ಅಲ್ಲಿಗೆ ಹೋದವು, ಗೊತ್ತೇ? ಆಮ್‌ಸ್ಟರ್‌ಡ್ಯಾಮಿನ ಮೇಯರ್ ನಿಕೊಲಾಸ್ ವಿಟ್ಸೆನ್ ಬಳಿ ಗೋಲ್ಕೊಂಡದ ಕಲಾವಿದರು ಬರೆದ ಒಂದು ಚಿತ್ರಸಂಪುಟವಿತ್ತು. ಒಳಗೆ ಎಷ್ಟು ಭಾವಚಿತ್ರ? ಹತ್ತು? ಇಪ್ಪತ್ತು?

49!

ಮೊಗಲರು, ಕುತುಬ್‌ಶಾಹಿಗಳು, ನಮ್ಮ ಆದಿಲ್‌ಶಾಹಿಗಳು, ಶಿವಾಜಿ ಕೂಡ! ಈಗದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ವಿಮಾನ ಹತ್ತಬೇಕಿಲ್ಲ. ಮೊಬೈಲಿನಲ್ಲಿ ಆ ಮ್ಯೂಸಿಯಮ್ಮಿನ ತಾಣ ತೆರೆದು ವಿಟ್ಸೆನ್ ಎಂದು ಹುಡುಕಿ. ಇವತ್ತೇ ಹುಡುಕಿ!