ಬಟವಾಡೆ ಚೀಟಿ ಈಮೇಲ್‌ನಲ್ಲಿ ಬರುವ ಬಗೆ



ಹಾಲು ಅಳೆದು ಫ್ಯಾಟ್, ಎಸ್‌ಎನ್‌ಎಫ್ ನೋಡಿದ ಕೂಡಲೇ ಸಂಘದ ಗಣಕಯಂತ್ರದಲ್ಲಿ ಅದು ದಾಖಲಾಗುವುದು ಈಗ ಹೊಸದಲ್ಲ. ಅದೇ ಲೆಕ್ಕವನ್ನು ಬಟವಾಡೆ ಚೀಟಿಯಾಗಿ ಸದಸ್ಯರ ಈಮೇಲ್‌ಗೆ ಕಳುಹಿಸಲೂ ಬರುತ್ತದೆ. ಆಗ "ರಾತ್ರಿ ಹನ್ನೊಂದಕ್ಕೆ ಚೀಟಿ ಬಂದಿದೆ, ಕಾರ್ಯದರ್ಶಿಗಳು ಎದ್ದಿದ್ದರೇ?", "ಪಕ್ಕದ ಮನೆಯವರಿಗೆ ಬಂದದ್ದು ನನಗೇಕೆ ಬರಲಿಲ್ಲ?" ಎಂಬ ಪ್ರಶ್ನೆಗಳು ಏಳುವುದು ಸಹಜ. ಇದು ಹಣದ ವಿಷಯವಾದ್ದರಿಂದ ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ತಾನಾಗಿ ಹೊರಡುವ ಪತ್ರ

ಈ ಚೀಟಿಯನ್ನು ಯಾರೂ ಕುಳಿತು ಬರೆಯುವುದಿಲ್ಲ. ಅವಧಿಯ ಲೆಕ್ಕ ಮುಗಿದೊಡನೆ ಗಣಕಯಂತ್ರದ ಕಾರ್ಯಕ್ರಮವೇ ಒಬ್ಬೊಬ್ಬರ ಹೆಸರಿಗೆ ಒಂದೊಂದು ಪತ್ರ ಸಿದ್ಧಪಡಿಸುತ್ತದೆ. ಬ್ಯಾಂಕಿನಿಂದ ಬರುವ ಜಮಾ ಸೂಚನೆ, ವಿಮೆಯ ರಸೀದಿಗಳೂ ಇದೇ ಬಗೆಯವು.

ಪತ್ರ ಸಿದ್ಧವಾದರೆ ಸಾಲದು, ಸಾಗಿಸಬೇಕು. ಅದಕ್ಕಾಗಿ ಸ್ವಂತ ಯಂತ್ರ ಇಟ್ಟರೆ ಹಗಲಿರುಳು ವಿದ್ಯುತ್ತು, ಸಂಪರ್ಕ, ನೋಡಿಕೊಳ್ಳುವ ತಜ್ಞರು ಎಲ್ಲವೂ ಬೇಕು. ಪ್ರತಿ ಸಂಘವೂ ಸ್ವಂತ ಟ್ಯಾಂಕರ್ ಕೊಳ್ಳುವುದಿಲ್ಲವಷ್ಟೆ? ಹಾಗೆಯೇ ಇಲ್ಲಿಯೂ ದೊಡ್ಡ ಸಂಸ್ಥೆಗಳ ಯಂತ್ರಗಳನ್ನು ಬಾಡಿಗೆಗೆ ಬಳಸುತ್ತಾರೆ. ಇದನ್ನೇ ಕ್ಲೌಡ್ ಸೇವೆ ಎನ್ನುವುದು. ಹೆಸರು ಮೋಡವಾದರೂ ಯಂತ್ರಗಳಿರುವುದು ನೆಲದ ಮೇಲಿನ ಕಟ್ಟಡಗಳಲ್ಲಿಯೇ. ಅಮೆಜಾನ್ ಸಂಸ್ಥೆ ಇಂತಹ ಕೇಂದ್ರಗಳನ್ನು 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಅದರ ‘ಸಿಂಪಲ್ ಈಮೇಲ್ ಸರ್ವಿಸ್’ 2011ರಲ್ಲಿ ಆರಂಭವಾಯಿತು. ಸಾವಿರ ಪತ್ರಕ್ಕೆ ಅಮೆರಿಕದ ಹತ್ತು ಸೆಂಟ್ ಅದರ ಮೂಲ ದರ. ಹೊಸ ಗ್ರಾಹಕರಿಗೆ ಮೊದಲು ದಿನಕ್ಕೆ 200 ಪತ್ರ ಮಾತ್ರ, ಅದೂ ಖಚಿತಪಡಿಸಿದ ವಿಳಾಸಗಳಿಗೆ. ಉದ್ದೇಶವನ್ನು ಪರಿಶೀಲಿಸಿದ ಮೇಲೆಯೇ ಮಿತಿ ಏರಿಸುತ್ತಾರೆ.

ಮೂರು ಬಗೆಯ ತಪಾಸಣೆ

ಈಮೇಲ್ ಸಾಗಣೆಯ ನಿಯಮಗಳು ರೂಪುಗೊಂಡದ್ದು 1982ರಲ್ಲಿ. ಕಳುಹಿಸಿದವರು ಯಾರೆಂದು ಪರೀಕ್ಷಿಸುವ ಏರ್ಪಾಡು ಆಗ ಇರಲಿಲ್ಲ. ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಪತ್ರ ಹಾಕಬಹುದಿತ್ತು. ಅದನ್ನು ತಡೆಯಲು ನಂತರ ಮೂರು ಕ್ರಮಗಳು ಬಂದವು.

ಮೊದಲನೆಯದು ಎಸ್‌ಪಿಎಫ್. ಸಂಸ್ಥೆಯ ಪರವಾಗಿ ಯಾವ ಯಂತ್ರಗಳು ಪತ್ರ ಕಳುಹಿಸಬಹುದೆಂಬ ಪಟ್ಟಿ ಇದು. ಡೈರಿಯ ಗೇಟಿನಲ್ಲಿ ವಾಹನದ ನಂಬರು ನೋಡಿ ಒಳಗೆ ಬಿಟ್ಟಂತೆ. ಎರಡನೆಯದು ಡಿಕಿಮ್. ಇದು ಟ್ಯಾಂಕರಿನ ಮುಚ್ಚಳಕ್ಕೆ ಹಾಕುವ ಸೀಲಿನಂತೆ. ದಾರಿಯಲ್ಲಿ ಪತ್ರವನ್ನು ತಿದ್ದಿದರೆ ತಾಳೆಯಾಗುವುದಿಲ್ಲ. ಮೂರನೆಯದು ಡಿಮಾರ್ಕ್. ಪರೀಕ್ಷೆಯಲ್ಲಿ ಸೋತ ಪತ್ರವನ್ನು ಬದಿಗಿಡಬೇಕೇ, ತಿರಸ್ಕರಿಸಬೇಕೇ ಎಂಬ ಸೂಚನೆ ಅದರಲ್ಲಿರುತ್ತದೆ. ಜೀಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ 2024ರ ಫೆಬ್ರವರಿಯಿಂದ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ.

ಒಬ್ಬರ ತಪ್ಪು, ಎಲ್ಲರಿಗೂ ತೊಂದರೆ

ಇಲ್ಲದ ವಿಳಾಸಕ್ಕೆ ಹೋದ ಪತ್ರ ಹಿಂತಿರುಗುತ್ತದೆ. ಹಾಗೆ ಹಿಂತಿರುಗುವ ಪ್ರಮಾಣ ನೂರಕ್ಕೆ 5 ಮುಟ್ಟಿದರೆ ಮೇಲೆ ಹೇಳಿದ ಅಮೆಜಾನ್ ಸೇವೆಯು ಕಳುಹಿಸಿದವರ ಖಾತೆಯನ್ನು ಪರಿಶೀಲನೆಗೆ ಒಳಪಡಿಸುತ್ತದೆ. ನೂರಕ್ಕೆ 10 ಮುಟ್ಟಿದರೆ ಸೇವೆಯನ್ನೇ ತಡೆಹಿಡಿಯಬಹುದು. ಒಂದು ಸಂಘದಲ್ಲಿ 200 ಸದಸ್ಯರಿದ್ದು 12 ವಿಳಾಸ ತಪ್ಪಾಗಿದ್ದರೆ ಅಲ್ಲಿಗೇ ನೂರಕ್ಕೆ 6 ಆಯಿತು.

ಬಂದ ಚೀಟಿಯನ್ನು "ಸ್ಪ್ಯಾಮ್" ಎಂದು ಗುರುತಿಸುವುದೂ ಹಾನಿಯೇ. ಸಾವಿರಕ್ಕೆ ಒಂದು ದೂರು ಬಂದರೂ ಪರಿಶೀಲನೆ ಆರಂಭವಾಗಬಹುದು. ಒಂದು ಕ್ಯಾನಿನ ಕೆಟ್ಟ ಹಾಲು ಇಡೀ ಟ್ಯಾಂಕರನ್ನು ಕೆಡಿಸುವುದನ್ನು ನಾವೆಲ್ಲ ಬಲ್ಲೆವು. ಇಲ್ಲಿಯೂ ಅದೇ ನ್ಯಾಯ. ಸರಿಯಾದ ವಿಳಾಸ ಕೊಟ್ಟವರ ಚೀಟಿಯೂ ನಿಂತುಹೋಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಸ್ವಂತ ಅಥವಾ ಮನೆಯವರ ಈಮೇಲ್ ವಿಳಾಸವನ್ನೇ ಕೊಡಿ. ಅಂಗಡಿಯವರ ವಿಳಾಸ ಬೇಡ. ನಿಮ್ಮ ಲೆಕ್ಕ ಪರರ ಕೈ ಸೇರುತ್ತದೆ. ಬರೆದುಕೊಟ್ಟ ಮೇಲೆ ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ಬದಲಾದರೆ ಕಾರ್ಯದರ್ಶಿಗಳಿಗೆ ತಿಳಿಸಿ.

2. ಚೀಟಿ ಕಾಣದಿದ್ದರೆ ಸ್ಪ್ಯಾಮ್ ವಿಭಾಗದಲ್ಲಿ ಹುಡುಕಿ. ಅಲ್ಲಿದ್ದರೆ "ಸ್ಪ್ಯಾಮ್ ಅಲ್ಲ" ಎಂದು ಗುರುತಿಸಿ.

3. ಪತ್ರದ ಮೇಲಿರುವ ಹೆಸರನ್ನಷ್ಟೇ ನಂಬಬೇಡಿ. ವಿಳಾಸದಲ್ಲಿ ‘ಅಟ್’ ಗುರುತಿನ ನಂತರದ ಭಾಗವನ್ನು ಓದಿ. ಒಂದಕ್ಷರ ಬದಲಿಸಿದ ನಕಲಿ ವಿಳಾಸವನ್ನು ವಂಚಕರು ತಮ್ಮ ಹೆಸರಿಗೇ ನೋಂದಾಯಿಸಿಕೊಂಡಿದ್ದರೆ ಮೇಲಿನ ಮೂರೂ ತಪಾಸಣೆಗಳಲ್ಲಿ ಅದು ಪಾಸಾಗುತ್ತದೆ. ಕೊನೆಯ ತಪಾಸಣೆ ನಿಮ್ಮ ಕಣ್ಣಿನದೇ.

4. ಬಟವಾಡೆ ಚೀಟಿ ಮಾಹಿತಿಗಾಗಿ ಮಾತ್ರ. ಹಣ ಜಮಾ ಮಾಡಲು ಒಟಿಪಿ, ಪಿನ್ ಸಂಖ್ಯೆ ಬೇಕಾಗುವುದಿಲ್ಲ. ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಿ.

5. ಈಮೇಲ್ ಇಲ್ಲದವರು ಚಿಂತಿಸಬೇಕಾಗಿಲ್ಲ. ಸಂಘದ ಪಾಸ್‌ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಪುಸ್ತಕಗಳೇ ಆಧಾರ.

ಕಾರ್ಯದರ್ಶಿಗಳಿಗೊಂದು ಮಾತು: ಈ ಸೇವೆಯ ಗುಪ್ತ ಕೀಲಿಯನ್ನು ಗೋಡೆಯ ಮೇಲಾಗಲಿ ರಿಜಿಸ್ಟರಿನಲ್ಲಾಗಲಿ ಬರೆದಿಡಬಾರದು. ಅದು ಪರರಿಗೆ ಸಿಕ್ಕರೆ ಸಂಘದ ಹೆಸರಿನಲ್ಲೇ ಮೋಸದ ಪತ್ರಗಳು ಹೊರಡುತ್ತವೆ.

ಶುದ್ಧ ಹಾಲು ಪೂರೈಸುವುದು ಹೇಗೆ ನಮ್ಮೆಲ್ಲರ ಹೊಣೆಯೋ, ಸರಿಯಾದ ವಿಳಾಸ ನೀಡುವುದೂ ಹಾಗೆಯೇ. ಈ ತಿಂಗಳ ಬಟವಾಡೆಗೆ ಮುನ್ನ ಸಂಘಕ್ಕೆ ಹೋದಾಗ ನಿಮ್ಮ ವಿಳಾಸವನ್ನು ಒಮ್ಮೆ ಪರಿಶೀಲಿಸಿಕೊಳ್ಳಿ.