ಕತ್ತಲೆಯಿಂದ ಶುರುವಾಗುವ ಚಿತ್ರ

ಮಬ್ಬು ಕೋಣೆ. ಮೇಜಿನ ಸುತ್ತ ಐದು ಮಂದಿ, ಮೇಜಿನ ಮೇಲೆ ನಾಣ್ಯಗಳು. ಬಲಗಡೆಯಿಂದ ಬಂದ ಕ್ರಿಸ್ತ ಕೈಚಾಚಿ ಸುಂಕದ ಮತ್ತಾಯನನ್ನು ಕರೆಯುತ್ತಿದ್ದಾನೆ. ಅವನ ತಲೆಯ ಮೇಲಿಂದ ಓರೆಯಾಗಿ ಇಳಿದ ಬೆಳಕು ಗೋಡೆ ಸವರಿ ಕೂತವರ ಮುಖ ಮುಟ್ಟುತ್ತದೆ. ಕೋಣೆಗೊಂದು ಕಿಟಕಿಯಿದೆ, ಆದರೆ ಬೆಳಕು ಅದರಿಂದ ಬರುತ್ತಿಲ್ಲ!

ಇದು ಇಟಲಿಯ ಕಾರವಾಜ್ಜೊ ಬರೆದ ‘ಸಂತ ಮತ್ತಾಯನ ಕರೆ’. ರೋಮಿನ ಸ್ಯಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿನಲ್ಲಿದೆ. 1599ರಲ್ಲಿ ಈ ಕೆಲಸ ಒಪ್ಪಿಕೊಂಡಾಗ ಅವನಿಗೆ 28ರ ಆಸುಪಾಸು. ಚರ್ಚಿನಿಂದ ಸಿಕ್ಕ ಮೊದಲ ದೊಡ್ಡ ಅವಕಾಶ.

ಬಿಳಿ ಹಾಳೆಯಲ್ಲಿ ಚಿತ್ರ ಬರೆದು ಬೆಳೆದ ನಮಗೆ ನೆರಳೆಂದರೆ ಕೊನೆಯಲ್ಲಿ ಪೆನ್ಸಿಲ್ ಉಜ್ಜಿ ಸೇರಿಸುವುದು. ಅವನದು ಉಲ್ಟಾ. ಕ್ಯಾನ್ವಾಸಿಗೆ ಮೊದಲೇ ಗಾಢ ಕಂದು ಲೇಪ. ಆಮೇಲೆ ಬೆಳಕು ಬೀಳುವ ಕಡೆ ಮಾತ್ರ ಸೀಸದ ಬಿಳಿ ಬೆರೆಸಿದ ದಪ್ಪ ಬಣ್ಣ. ನೆರಳಿನಲ್ಲಿ ಬಣ್ಣ ತೆಳು. ಕೆಲವೆಡೆ ಆ ಲೇಪವನ್ನೇ ಹಾಗೇ ಬಿಟ್ಟುಬಿಡುತ್ತಿದ್ದ. ಅವನ ಕೈಯ ರೇಖಾಚಿತ್ರ ಒಂದೂ ಉಳಿದಿಲ್ಲ. ಆಕೃತಿ ಎಲ್ಲಿರಬೇಕೆಂದು ಲೇಪದ ಮೇಲೆ ಗೀರಿಕೊಂಡ ಗುರುತುಗಳಿವೆ, ಅಷ್ಟೇ. ನಾನು ನೋಡಿರುವುದು ಮೊಬೈಲಿನಲ್ಲಿ. ಬ್ರೈಟ್‌ನೆಸ್ ಏರಿಸಿದರೆ ಚಿತ್ರವೇ ಸತ್ತುಹೋಗುತ್ತದೆ.

ಇನ್ನೊಂದು ಜಾಣತನ. ಈ ಚಿತ್ರ ಚಾಪೆಲ್‌ನ ಎಡಗೋಡೆಯಲ್ಲಿದೆ. ಪೀಠದ ಮೇಲಿನ ನಿಜವಾದ ಕಿಟಕಿ ಅದರ ಬಲಕ್ಕೆ ಬರುತ್ತದೆ. ಚಿತ್ರದೊಳಗಿನ ಬೆಳಕೂ ಬಲದಿಂದಲೇ!

ಎಲ್ಲ ಸಲೀಸಾಗಿ ಬಂತು ಎಂದುಕೊಳ್ಳಬೇಡಿ. ಎದುರು ಗೋಡೆಯ ‘ಮತ್ತಾಯನ ಹತ್ಯೆ’ಯ ಎಕ್ಸ್‌-ರೇ ತೆಗೆದಾಗ ಅಡಿಯಲ್ಲಿ ಬೇರೆಯೇ ಚಿತ್ರ ಕಂಡಿತು. ಶುರುಮಾಡಿ, ಕೈಬಿಟ್ಟು, ಅದರ ಮೇಲೆಯೇ ಮತ್ತೆ ಬರೆದಿದ್ದಾನೆ.

1602ರಲ್ಲಿ ಪೀಠಕ್ಕೆಂದು ಮೂರನೇ ಚಿತ್ರ. ಸಂದರ್ಶನಗಳಿಂದ ಬರಿಗೈಲಿ ಮರಳಿದವರಿಗೆ ಈ ಭಾಗ ಹತ್ತಿರವೆನಿಸೀತು. ಅವನ ಮತ್ತಾಯ ಒರಟು ರೈತನಂತಿದ್ದ. ಕಾಲ ಮೇಲೆ ಕಾಲು ಹಾಕಿ ಬರಿಪಾದ ಚಾಚಿದ್ದ, ದೇವದೂತ ಕೈಹಿಡಿದು ಬರೆಸುತ್ತಿದ್ದ. ಸಂತನಿಗೆ ಒಪ್ಪುವ ರೀತಿಯಲ್ಲ ಎಂದು ಪಾದ್ರಿಗಳು ತಿರಸ್ಕರಿಸಿದರೆಂದು ಅದೇ ಶತಮಾನದ ಲೇಖಕ ಬೆಲ್ಲೋರಿ ಬರೆದಿದ್ದಾನೆ. ಕಾರವಾಜ್ಜೊ ಮತ್ತೊಂದು ಬರೆದುಕೊಟ್ಟ. ಈ ಸಲ ಮತ್ತಾಯನಿಗೆ ಕೆಂಪು ನಿಲುವಂಗಿ, ವಿದ್ವಾಂಸನ ಗಾಂಭೀರ್ಯ. ಬರಿಗಾಲು ಮಾತ್ರ ಹಾಗೇ ಉಳಿಯಿತು! ಇಂದು ಪೀಠದ ಮೇಲಿರುವುದು ಅದೇ.

ತಿರಸ್ಕೃತ ಚಿತ್ರವನ್ನು ಸಂಗ್ರಾಹಕ ಜುಸ್ತಿನಿಯಾನಿ ತನ್ನದಾಗಿಸಿಕೊಂಡ. ಮುಂದೆ ಬರ್ಲಿನ್ ಸೇರಿದ ಅದು 1945ರಲ್ಲಿ, ಯುದ್ಧದ ಕೊನೆಯಲ್ಲಿ ನಾಶವಾಯಿತು. ಈಗ ಇರುವುದು ಕಪ್ಪು-ಬಿಳುಪು ಫೋಟೊ. ಬಣ್ಣ ಹೋಗಿದೆ, ಬೆಳಕು ನೆರಳು ಉಳಿದಿವೆ.