ರೇಡಿಯೋವನ್ನು ಎಲ್ಲಿ ಕೂರಿಸಬೇಕು?

ಹೊಸದಾಗಿ ರೇಡಿಯೋ ಮನೆಗೆ ಬಂದಾಗ ಅದರ ಸ್ಥಾನವನ್ನು ಯಾರು ಗೊತ್ತುಮಾಡುತ್ತಾರೆಂಬುದನ್ನು ತಾವು ಗಮನಿಸಿರಬಹುದು. ವಿದ್ಯುತ್ತಿನ ಪ್ಲಗ್ಗು ಎಲ್ಲಿದೆ ಎಂಬುದು ಮೊದಲ ಮಾತು. ಮಗುವಿನ ಕೈ ಎಲ್ಲಿಯವರೆಗೆ ಎಟಕುತ್ತದೆ ಎಂಬುದು ಎರಡನೆಯದು. ಬಂದವರ ಕಣ್ಣಿಗೆ ಹೇಗೆ ಕಂಡೀತು ಎಂಬುದು ಮೂರನೆಯದು. ಕೇಳಬೇಕಾದ ಕಿವಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಹಳೆಯ ಕಾಲದ ಮನೆ. ಪಡಸಾಲೆಯ ಮೂಲೆಯ ಗೋಡೆಯಲ್ಲಿ ಹಿಂದೆ ದೀಪವಿಡುತ್ತಿದ್ದ ದೊಡ್ಡದೊಂದು ಗೂಡು. ಅಳತೆ ಕೊಟ್ಟು ಮಾಡಿಸಿದಂತೆ ರೇಡಿಯೋ ಅದರೊಳಗೆ ಕುಳಿತಿತು. ಮೇಲೆ ಮುಂಗಡೆಗೆ ಇಳಿಬಿದ್ದ ಕಸೂತಿಯ ಬಟ್ಟೆ, ಬಟ್ಟೆಯ ಮೇಲೊಂದು ಹಿತ್ತಾಳೆಯ ನಂದಿ.

ಎರಡು ವರ್ಷಗಳ ಹಿಂದೆ, ಎಂಬತ್ತರ ಅಂಚಿನಲ್ಲಿದ್ದ ನಮ್ಮ ತಾಯಿಯವರು ವಾರ್ತೆ ಕೇಳುವಾಗ ಮಾತುಮಾತಿಗೆ “ಏನಂದ?” ಎನ್ನತೊಡಗಿದರು. ಸಾಲ ಮನ್ನಾ ಎಂದು ವಾರ್ತೆಯಲ್ಲಿ ಬಂದರೆ, “ಹಾಲು ಮನ್ನಾ ಮಾಡೋದು ಅಂದರೇನೋ?” ಎಂದು ನನ್ನನ್ನು ಕೇಳಿದರು. ಮೊಮ್ಮಕ್ಕಳು ನಕ್ಕರು, ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಸದ್ದನ್ನು ಹೆಚ್ಚಿಸಿದೆವು. ಅವರಿಗೆ ಅರ್ಥವಾಗಲಿಲ್ಲ, ಪಕ್ಕದ ಮನೆಯವರಿಗೆ ನಿದ್ರೆ ಕೆಟ್ಟಿತು. ಕೆಲವು ತಿಂಗಳಲ್ಲಿ ಅವರು ವಾರ್ತೆಯ ಹೊತ್ತಿಗೆ ಏನಾದರೊಂದು ನೆಪ ಮಾಡಿಕೊಂಡು ಅಡುಗೆಮನೆಗೆ ಎದ್ದುಹೋಗುವುದನ್ನು ರೂಢಿಮಾಡಿಕೊಂಡರು. ಕಿವಿ ಹೋಯಿತು ಎಂದು ಮನೆಯವರೆಲ್ಲ ತೀರ್ಮಾನಿಸಿದೆವು.

ಆ ವರ್ಷ ದಸರೆಗೆ ಸುಣ್ಣ ಬಳಿಸುವಾಗ ರೇಡಿಯೋವನ್ನು ಗೂಡಿನಿಂದ ತೆಗೆದು ಪಡಸಾಲೆಯ ನಡುವೆ ಒಂದು ಸ್ಟೂಲಿನ ಮೇಲಿಟ್ಟಿದ್ದೆವು. ಸಂಜೆ ಯಾರೋ ಹಾಸ್ಯದ ಭಾಷಣ ಮಾಡುತ್ತಿದ್ದರು. ನಮ್ಮೆಲ್ಲರಿಗಿಂತ ಮೊದಲು ನಕ್ಕವರು ನಮ್ಮ ತಾಯಿ. ಆಮೇಲೆ ಕಿವಿಯ ವೈದ್ಯರ ಬಳಿಗೂ ಕರೆದೊಯ್ದೆವು. ವಯಸ್ಸಿಗೆ ಸಹಜವಾಗಿ ಮೇಲಿನ ಸ್ವರಗಳು ಸ್ವಲ್ಪ ಕುಗ್ಗಿವೆ, ಅಷ್ಟೆ ಎಂದರು. ಆ ಸ್ವಲ್ಪವನ್ನು ಬಹಳವಾಗಿಸಿದ್ದು ನಮ್ಮ ಗೋಡೆಯ ಗೂಡು. ಅದು ಹೇಗೆಂಬುದನ್ನು ವಿಜ್ಞಾನದ ಉಪಾಧ್ಯಾಯರಾದ ನನ್ನ ಸಹೋದ್ಯೋಗಿಯೊಬ್ಬರನ್ನು ಕಾಡಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡೆ.

ವ್ಯಂಜನಕ್ಕೆ ಸ್ವರದ ಆಶ್ರಯವಿಲ್ಲದೆ ಉಚ್ಚಾರಣೆಯಿಲ್ಲವೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಅರ್ಥವನ್ನು ಬೇರ್ಪಡಿಸುವ ಕೆಲಸದಲ್ಲಿ ಹೆಚ್ಚಿನ ಹೊರೆ ಬಡ ವ್ಯಂಜನದ ಮೇಲೆಯೇ ಇದೆ. ಹಾಲು, ಸಾಲು, ಕಾಲು, ಪಾಲು: ಇವುಗಳಲ್ಲಿ ಸ್ವರಗಳೆಲ್ಲ ಒಂದೇ, ಮೊದಲ ವ್ಯಂಜನವೊಂದು ಜಾರಿದರೆ ಮಾತು ಬೇರೆ. ಸ್ವರಗಳ ಬಲವೆಲ್ಲ ಕೆಳಗಿನ ಶ್ರುತಿಯಲ್ಲಿದೆ. ಗಂಡಸಿನ ಕಂಠ ಸೆಕೆಂಡಿಗೆ ಸುಮಾರು 100ರಿಂದ 150 ಸಲ ಕಂಪಿಸುತ್ತದೆ. ಶ, ಷ, ಸಗಳ ಸೀತ್ಕಾರವಾದರೋ ಸಾವಿರಗಟ್ಟಲೆ ಕಂಪನಗಳದು, ಅದರಲ್ಲೂ ಸಕಾರದ ಬಹುಭಾಗ 4000ದ ಮೇಲೆ. ಬಲದಲ್ಲಿಯೂ ಇವು ದುರ್ಬಲ. ಕೆಳಗಿನ ಶ್ರುತಿ ಅತಿಯಾಗಿ ಮೊರೆದರೆ ಅದು ಮೇಲಿನ ಶ್ರುತಿಯನ್ನು ಮುಚ್ಚಿಬಿಡುವುದು ಕಿವಿಯ ಸ್ವಭಾವ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚದು. ವಯಸ್ಸಾದವರಲ್ಲಿ ಮೊದಲು ಮಂಕಾಗುವುದೂ ಈ ಮೇಲಿನ ಶ್ರುತಿಯೇ. ಹೀಗಿರುವಾಗ ರೇಡಿಯೋದ ಗುಂಡಿ ತಿರುಗಿಸಿ ಸದ್ದೇರಿಸಿದರೆ ಆಗುವುದೇನು? ಮುಚ್ಚುವ ಸದ್ದೂ ಜೊತೆಗೇ ಏರುತ್ತದೆ.

ಇನ್ನು ಗೂಡಿನ ಅಪರಾಧಕ್ಕೆ ಬರೋಣ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸೆಕೆಂಡಿಗೆ 100 ಕಂಪನಗಳ ಶಬ್ದದ ಒಂದೊಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಅಂದರೆ ನಮ್ಮ ಒಂದು ಕೋಣೆಯಷ್ಟು. ಇಂತಹ ಅಲೆಗೆ ಒಂದಡಿಯ ಪೆಟ್ಟಿಗೆ ಲೆಕ್ಕಕ್ಕಿಲ್ಲ. ಮುಂದೆ ಹೊರಟದ್ದು ಸುತ್ತಿಕೊಂಡು ಹಿಂದಕ್ಕೂ ಹೋಗುತ್ತದೆ, ಗೋಡೆಗೆ ತಾಗಿ ಮರಳಿ ಮುಂದಿನದರ ಜೊತೆಗೂಡುತ್ತದೆ. ಪೆಟ್ಟಿಗೆಯ ಹತ್ತಿರಕ್ಕೆ ಒಂದು ಗೋಡೆ ಬಂದಂತೆ ಕೆಳಗಿನ ಶ್ರುತಿ ಹೆಚ್ಚೆಂದರೆ 6 ಡೆಸಿಬಲ್ ಏರುತ್ತದೆ. ಮೂಲೆಯಲ್ಲಿಟ್ಟರೆ ಎರಡನೆಯ ಗೋಡೆಯೂ ತನ್ನ ಪಾಲನ್ನು ಸೇರಿಸುತ್ತದೆ. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಗಟ್ಟಿಯಾದಂತೆ ತೋರುತ್ತದೆಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಗೂಡಂತೂ ಎಲ್ಲ ಕಡೆಯಿಂದಲೂ ಗೋಡೆ. ಸಾಲದ್ದಕ್ಕೆ ಅದರೊಳಗಿನ ಗಾಳಿ ಕೊಡದ ಬಾಯಲ್ಲಿ ಮಾತನಾಡಿದಂತೆ ತನ್ನದೇ ಒಂದು ಶ್ರುತಿಯನ್ನು ಹಿಡಿದು ಮೊಳಗುತ್ತದೆ. ಮೃದಂಗದ ಎಡಗಡೆಯ ಪೆಟ್ಟುಗಳೆಲ್ಲ ಒಂದೇ ಗುಮ್ಮು ಆಗುವುದು ಇಂತಹ ಕಡೆಯಲ್ಲಿ.

ಮೇಲಿನ ಶ್ರುತಿಯ ಕಥೆ ಬೇರೆ. 5000 ಕಂಪನಗಳ ಅಲೆ 7 ಸೆಂಟಿಮೀಟರ್ ಮಾತ್ರ. ಅದು ಬ್ಯಾಟರಿ ದೀಪದ ಬೆಳಕಿನಂತೆ ಮುಖವಿದ್ದ ಕಡೆಗೆ ಹೋಗುತ್ತದೆ. ಕುರ್ಚಿಯ ಬೆನ್ನು, ದಿಂಬು ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಗೂಡು ನೆಲದಿಂದ ಐದಡಿ ಎತ್ತರ. ತಾಯಿಯವರು ಕೂರುತ್ತಿದ್ದುದು ಪಕ್ಕಕ್ಕೆ, ಚಾಪೆಯ ಮೇಲೆ. ಅವರ ತಲೆಯ ಮೇಲೆ ಹಾದುಹೋದ ಸಕಾರವೆಲ್ಲ ಎದುರು ಗೋಡೆಯ ಕ್ಯಾಲೆಂಡರಿಗೆ ಕೇಳಿಸಿರಬೇಕು. ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು 5000 ಕಂಪನಗಳ ಮೇಲಿನ ಶಬ್ದ ಬಹುಮಟ್ಟಿಗೆ ಬರುವುದೇ ಇಲ್ಲ, ಎಫ್.ಎಂ.ನಲ್ಲಿ 15000ದವರೆಗೂ ಬರುತ್ತದೆ. ಮಧ್ಯಮ ತರಂಗವನ್ನೇ ಕೇಳುವವರು ಇರುವ ಅಲ್ಪವನ್ನು ಕಸೂತಿಯ ಬಟ್ಟೆಗೆ ಕೊಟ್ಟು ಕೂರುವುದು ಸರಿಯಲ್ಲ.

ಆದುದರಿಂದ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು, ಸಾಧ್ಯವಾದರೆ ಒಂದು ಮೊಳ ಮುಂದಕ್ಕೆ ತನ್ನಿ, ಮೂಲೆಯನ್ನು ಬಿಡಿ, ಅದರ ಮುಖ ಕೇಳುವವರ ಕಿವಿಯ ಎತ್ತರಕ್ಕೆ, ಕಿವಿಯ ಕಡೆಗೆ ಇರಲಿ. ಎತ್ತರ ಬದಲಾಯಿಸಲಾಗದಿದ್ದರೆ ಹಿಂಗಾಲಿನ ಕೆಳಗೆ ಏನಾದರೂ ಕೊಟ್ಟು ಮುಂದಕ್ಕೆ ಬಾಗಿಸಬಹುದು. ಬೀಳದಂತೆ ನೋಡಿಕೊಳ್ಳಿ. ಹಳೆಯ ವಾಲ್ವ್ ರೇಡಿಯೋ ಇರುವವರು ಶಬ್ದಕ್ಕಾಗಿ ಅಲ್ಲದಿದ್ದರೂ ಶಾಖಕ್ಕಾಗಿಯಾದರೂ ಹಿಂಬದಿಯನ್ನು ತೆರವು ಬಿಡಲೇಬೇಕು. ತೀರ ಸಣ್ಣ ಪೆಟ್ಟಿಗೆಗಳಲ್ಲಿ ಕೆಳಗಿನ ಶ್ರುತಿಯೇ ಕಡಮೆ. ಅವುಗಳಿಗೆ ಗೋಡೆಯ ಆಸರೆ ಕೆಲವೊಮ್ಮೆ ಉಪಕಾರಮಾಡುವುದೂ ಉಂಟು. ಕೇಳಿ ನೋಡಿಯೇ ನಿರ್ಧರಿಸಬೇಕು.

ಸ್ಟೂಲಿಗೆ ಬಂದಮೇಲೂ ನಮ್ಮ ರೇಡಿಯೋದಲ್ಲಿ ಒಂದು ‘ಜುಂಯ್’ ಎಂಬ ಸದ್ದು ಉಳಿದಿತ್ತು. ಪ್ರಯೋಗಶಾಲೆಯ ಶ್ರುತಿಕವೆಯನ್ನು ತಾವು ನೋಡಿರಬಹುದು. ತಟ್ಟಿ ಕೈಯಲ್ಲಿ ಹಿಡಿದರೆ ಅದರ ಸದ್ದು ಕಿವಿಯ ಹತ್ತಿರ ತಂದರಷ್ಟೆ ಕೇಳೀತು. ಅದರ ಕಾಲನ್ನು ಮೇಜಿಗೆ ಊರಿದರೆ ಇಡೀ ತರಗತಿಗೆ ಕೇಳುತ್ತದೆ. ಕಂಪನವನ್ನು ಮೇಜಿನ ಹಲಗೆ ಎತ್ತಿಕೊಂಡು ಹೆಚ್ಚು ಗಾಳಿಯನ್ನು ಅಲುಗಿಸುವುದೇ ಇದಕ್ಕೆ ಕಾರಣ. ವೀಣೆಯ ತಂತಿಗೆ ಕೊಡ ಮಾಡುವ ಉಪಕಾರವೂ ಇದೇ. ವೀಣೆಗೆ ಇದು ಭೂಷಣ, ರೇಡಿಯೋಗೆ ದೂಷಣ. ಧ್ವನಿವರ್ಧಕದ ಕಾಗದದ ಶಂಕು ಮುಂದಕ್ಕೂ ಹಿಂದಕ್ಕೂ ಆಡುವಾಗ ಪೆಟ್ಟಿಗೆಯನ್ನೂ ಒದೆಯುತ್ತದೆ. ಪೆಟ್ಟಿಗೆ ಬೀರುವನ್ನು, ಬೀರು ತನ್ನೊಳಗಿನ ಲೋಟ ತಟ್ಟೆಗಳನ್ನು ಅಲುಗಿಸುತ್ತದೆ. ಆಗ ನಾವು ಕೇಳುವುದು ಗಾಯಕರ ಜೊತೆಗೆ ನಮ್ಮ ಪಾತ್ರೆಗಳ ಕಛೇರಿ.

ಪೆಟ್ಟಿಗೆಯ ನಾಲ್ಕು ಮೂಲೆಯ ಕೆಳಗೆ ಮೆತ್ತನೆಯ ರಬ್ಬರಿನ ತುಂಡುಗಳನ್ನು ಕೊಡುವುದು ಇದಕ್ಕೆ ಮದ್ದು. ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಅಳಿಸುವ ರಬ್ಬರನ್ನು ಕತ್ತರಿಸಿ ಕೊಟ್ಟರೂ ಆದೀತು, ಸೈಕಲ್ ಟ್ಯೂಬನ್ನು ಮಡಿಸಿ ಕೊಟ್ಟರೂ ಆದೀತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಭಾರಕ್ಕೆ ಸ್ವಲ್ಪವೂ ಕುಗ್ಗದ ಗಟ್ಟಿ ರಬ್ಬರು ಕಂಪನವನ್ನು ತಡೆಯದೆ ದಾಟಿಸಿಬಿಡುತ್ತದೆ. ತಳಮಟ್ಟ ಕುಗ್ಗಿದ್ದೂ ಹಾಗೆಯೇ ನಿಷ್ಪ್ರಯೋಜಕ. ಒತ್ತಿದರೆ ತುಸು ತಗ್ಗಿ, ಬಿಟ್ಟರೆ ಮೇಲೇಳಬೇಕು. ಮೆತ್ತಗಿರಲೆಂದು ರೇಡಿಯೋವನ್ನು ದಿಂಬಿನ ಮೇಲೆ ಕೂರಿಸಿದವರನ್ನು ನಾನು ನೋಡಿದ್ದೇನೆ. ಅದು ವಾಲುತ್ತದೆ, ಕೆಳಗಿನ ಗಾಳಿಯ ತೂತುಗಳೂ ಮುಚ್ಚಿಹೋಗುತ್ತವೆ. ಗ್ರಾಮಫೋನು ಇರುವವರಿಗೆ ಈ ಎಚ್ಚರ ಇನ್ನೂ ಅಗತ್ಯ. ಧ್ವನಿವರ್ಧಕವನ್ನು ಅದೇ ಮೇಜಿನ ಮೇಲಿಟ್ಟರೆ ಕಂಪನ ಸೂಜಿಗೆ ಮರಳಿ ಬಂದು, ಮತ್ತೆ ಹಿಗ್ಗಿ, ಊಳಿಡುವುದುಂಟು. ನಮ್ಮ ‘ಜುಂಯ್’ನ ಮೂಲ ಮಾತ್ರ ರಬ್ಬರಿನಲ್ಲಿ ಸಿಗಲಿಲ್ಲ. ಒಂದೊಂದು ವಸ್ತುವಿನ ಮೇಲೆ ಅಂಗೈಯಿಟ್ಟು ಹುಡುಕಿದಾಗ ಸಿಕ್ಕಿಬಿದ್ದವನು ಹಿತ್ತಾಳೆಯ ನಂದಿ. ಅವನೀಗ ದೇವರ ಮನೆಯಲ್ಲಿದ್ದಾನೆ.

ಕೋಣೆಯ ಬಗೆಗೂ ಒಂದು ಮಾತು. ವಿಜಯಪುರದ ಗೋಳಗುಮ್ಮಟದಲ್ಲಿ ಮರುದನಿ ತಡವಾಗಿ ಬರುವುದರಿಂದ ಬೇರೆಯಾಗಿ ಕೇಳಿ ಸಂತೋಷ ಕೊಡುತ್ತದೆ. ಸಣ್ಣ ಕೋಣೆಯಲ್ಲಿ ಅದು ಸೆಕೆಂಡಿನ ನೂರರಲ್ಲೊಂದೆರಡು ಪಾಲಿನಲ್ಲೇ ಮರಳಿ ಮಾತಿನ ಮೇಲೆಯೇ ಬೀಳುತ್ತದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯದಂತಾಗಿ, ಅದನ್ನು ಸರಿಪಡಿಸುವ ಕೆಲಸ ವಾಲೆಸ್ ಸೇಬಿನ್ ಎಂಬ ತರುಣ ಅಧ್ಯಾಪಕರ ಪಾಲಿಗೆ ಬಂತು. ಅಲ್ಲಿ ಒಮ್ಮೆ ಎದ್ದ ಸದ್ದು ಅಡಗಲು 5 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಅವರು ಮತ್ತೊಂದು ರಂಗಮಂದಿರದ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು ಹಾಸಿ, ಎಷ್ಟು ಮೆತ್ತೆಗೆ ಎಷ್ಟು ಸದ್ದು ಅಡಗುತ್ತದೆಂದು ಅಳೆದರು. ಆಧುನಿಕ ಧ್ವನಿಶಾಸ್ತ್ರ ಆ ಮೆತ್ತೆಗಳ ಮೇಲೆ ನಿಂತಿದೆ. ನಮ್ಮ ಪಡಸಾಲೆಗಳಲ್ಲಿ ಗಾರೆಯ ಗೋಡೆ, ನುಣುಪು ನೆಲ. ಒಂದು ಜಮಖಾನ ಹಾಸಿ, ಎದುರು ಗೋಡೆಯ ಕಡೆ ದಪ್ಪ ಪರದೆಯೊಂದನ್ನು ಇಳಿಬಿಟ್ಟರೆ ಮಾತು ತಿಳಿಯಾಗುತ್ತದೆ.

ಎರಡು ಸ್ಪೀಕರುಗಳ ಯಂತ್ರವಿರುವವರು, ಅವೆರಡೂ ತಾವೂ ಸೇರಿ ಸಮತ್ರಿಭುಜವಾಗುವಂತೆ ಇಟ್ಟುಕೊಳ್ಳಿ. ವಾರ್ತೆ ಓದುವವರ ದನಿ ಎರಡರ ನಡುವಿನ ಬಯಲಿನಿಂದ ಬರುವಂತೆ ತೋರಬೇಕು. ಹಾಗಲ್ಲದೆ ದನಿ ಎಲ್ಲಿಯೂ ನಿಲ್ಲದೆ ತೇಲಾಡಿ, ಕೆಳಗಿನ ಶ್ರುತಿ ಸೊರಗಿದ್ದರೆ, ಒಂದರ ತಂತಿಗಳು ತಿರುವುಮುರುವಾಗಿರಬಹುದು. ಯಂತ್ರವನ್ನು ಆರಿಸಿ, ಆ ಒಂದರ ಎರಡು ತಂತಿಗಳನ್ನು ಮಾತ್ರ ಅದಲುಬದಲು ಮಾಡಿ ನೋಡಿ.

ಪರೀಕ್ಷೆಗೆ ಸಂಗೀತವನ್ನು ಆರಿಸಬೇಡಿ. ಗುಮ್ಮು ಹೆಚ್ಚಿದ್ದರೆ ಮೊದಲಿಗೆ ಇಂಪೆಂದೇ ತೋರುತ್ತದೆ. ವಾರ್ತೆಯನ್ನೋ ಭಾಷಣವನ್ನೋ ಹಾಕಿ. ಮನೆಯಲ್ಲಿ ಹಿರಿಯರಿದ್ದರೆ ಅವರು ದಿನವೂ ಕೂರುವ ಜಾಗದಲ್ಲಿಯೇ ಅವರನ್ನು ಕೂರಿಸಿ, ಸದ್ದಿನ ಗುಂಡಿಯನ್ನು ಮುಟ್ಟದೆ ಪೆಟ್ಟಿಗೆಯನ್ನು ಒಂದೊಂದು ಗೇಣು ಸರಿಸುತ್ತ ಹೋಗಿ. ಯಾವ ಜಾಗದಲ್ಲಿ ಅವರು ವಾಕ್ಯವನ್ನು ತಿರುಗಿ ಹೇಳಬಲ್ಲರೋ ಅಲ್ಲಿ ನಿಲ್ಲಿಸಿ. ಪ್ಲಗ್ಗು ದೂರವಾದರೆ ತಂತಿಯನ್ನು ಉದ್ದಮಾಡಿಸಬಹುದು. ನಾವು ಹಾಗೆಯೇ ಮಾಡಿಸಿದೆವು.